ಆನೆ ಬಂದ ರಾತ್ರಿ



ಹಿಂದಿನ ಎರಡು ಸಂಚಿಕೆಗಳಲ್ಲಿ ಈ ಅಂಕಣವು ಶಬ್ದ, ಅರ್ಥ, ವ್ಯುತ್ಪತ್ತಿಗಳ ಬೆನ್ನು ಹತ್ತಿ ಹೋಗಿ ಓದುಗರಿಗೆ ತುಸು ಭಾರವಾಯಿತೆಂಬ ಮಾತು ನಮ್ಮ ಕಿವಿಗೆ ಬಿದ್ದಿದೆ. ಹೇಳಿದವರು ಬೇರಾರೂ ಅಲ್ಲ, ನಮ್ಮ ಮನೆಯ ಸೊಸೆಯೇ. "ಮಾವಾರ, ನಿಮ್ಮ ಲೇಖನ ಓದಿ ಮುಗಿಸೂದ್ರಾಗ ಹಾಲು ಉಕ್ಕಿ ಹೋತ್ರಿ" ಎಂದು ನಗುತ್ತಲೇ ಹೇಳಿದಳು. ಆದುದರಿಂದ ಈ ತಿಂಗಳು ವ್ಯಾಕರಣವನ್ನು ಗಂಟು ಕಟ್ಟಿಟ್ಟು, ಮನೆಯೊಳಗಣ ಒಂದು ಸಂಗತಿಯನ್ನು ನಿವೇದಿಸುತ್ತೇವೆ. ಸಂಗತಿ ಸಣ್ಣದು. ಅದರಲ್ಲಿ ನಮ್ಮ ಸೋಲೂ ಇದೆ, ನಮ್ಮ ತಪ್ಪೂ ಇದೆ.

ನಮ್ಮ ಮೊಮ್ಮಗಳಿಗೆ ನಾಲ್ಕು ವರ್ಷ ತುಂಬಿದೆ. ಶ್ರಾವಣ ಮಾಸದ ಒಂದು ಮುಂಜಾನೆ ನಾವು ಪೂಜೆ ಮುಗಿಸಿ ಪಡಸಾಲೆಗೆ ಬಂದು ಕುಳಿತಿದ್ದೆವು. ಕೂಸು ಕೌದಿಯನ್ನು ನೆಲದ ಮೇಲೆ ಎಳೆಯುತ್ತ ಬಂದು ಎದುರು ನಿಂತಿತು.

"ಅಜ್ಜಾ, ಆನಿ ಎಲ್ಲಿ ಹೋತು?"

"ಯಾವ ಆನಿ, ಯವ್ವಾ?"

"ರಾತ್ರಿ ಬಂದಿತ್ತಲ್ಲ, ಅದು. ನಮ್ಮ ಖೋಲ್ಯಾಗ ನಿಂತಿತ್ತು."

"ಅದು ಕನಸು, ಯವ್ವಾ. ಖರೇ ಆನಿ ಬಂದಿದ್ದಿಲ್ಲ."

"ಬಂದಿತ್ತು. ನೀನೂ ಇದ್ದಿ. ನೀನ ಅದಕ್ಕ ಬೆಲ್ಲಾ ಕೊಟ್ಟಿ."

"ನಾ ಇದ್ದಿದ್ದಿಲ್ಲ. ನಾ ಮಲಗಿದ್ದೆ."

ಕೂಸು ನಮ್ಮ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿತು. ಆ ನೋಟದಲ್ಲಿ ಆಶ್ಚರ್ಯವಿತ್ತು, ಸ್ವಲ್ಪ ವ್ಯಸನವೂ ಇತ್ತು. ಬಳಿಕ ಅಡುಗೆಮನೆಯ ಕಡೆಗೆ ತಿರುಗಿ, "ಅವ್ವಾ, ಅಜ್ಜ ಸುಳ್ಳ ಹೇಳಾಕತ್ತಾನ!" ಎಂದು ಕೂಗಿ ಹೇಳಿತು.

ಮಠದ ಪಾಠಶಾಲೆಯಲ್ಲಿ ವರುಷಗಟ್ಟಲೆ ತರ್ಕವನ್ನು ಅಭ್ಯಾಸ ಮಾಡಿದವರು ನಾವು. ಇಂತಹ ಆರೋಪವನ್ನು ಸುಮ್ಮನೆ ಹೊರುವುದೆಂತು? ಅನುಮಾನ ಪ್ರಮಾಣವನ್ನು ಮುಂದಿಟ್ಟೆವು. ಆನೆ ಬಂದಿದ್ದರೆ ಬಾಗಿಲಲ್ಲಿ ಸಿಕ್ಕಿಕೊಳ್ಳಬೇಕಿತ್ತು, ನಮ್ಮ ಬಾಗಿಲು ಸಣ್ಣದು ಎಂದೆವು. "ಸಣ್ಣ ಆನಿ ಇತ್ತು" ಎಂದಿತು ಕೂಸು. ಸರಿ, ಆನೆ ಬಂದಿದ್ದರೆ ಲದ್ದಿ ಹಾಕಿರಬೇಕಿತ್ತು, ಲದ್ದಿ ಎಲ್ಲಿದೆ ಎಂದೆವು. "ಅವ್ವ ಕಸಾ ಹೊಡದಾಳ" ಎಂದಿತು. ನಮ್ಮ ಹೇತುಗಳೆರಡೂ ಬಿದ್ದುಹೋದವು. ಗೆದ್ದ ವಾದಿಯು ಕೌದಿಯನ್ನು ಅಲ್ಲಿಯೇ ಬಿಟ್ಟು ಹಾಲು ಕುಡಿಯಲು ಹೋಯಿತು.

ಸೋತವನಿಗೆ ಗ್ರಂಥವೇ ಗತಿ. ನಾವು ಹಳೆಯ ಪುಸ್ತಕಗಳನ್ನು ತೆಗೆದೆವು. ವೈಶೇಷಿಕ ದರ್ಶನದ ಪ್ರಶಸ್ತಪಾದರು ಅವಿದ್ಯೆಯನ್ನು ಸಂಶಯ, ವಿಪರ್ಯಯ, ಅನಧ್ಯವಸಾಯ, ಸ್ವಪ್ನ ಎಂದು ನಾಲ್ಕಾಗಿ ಎಣಿಸಿ, ಕನಸಿಗೆ ಪ್ರತ್ಯೇಕ ಮಣೆಯನ್ನೇ ಹಾಕಿದ್ದಾರೆ. ಕನಸು ಬೀಳುವುದಕ್ಕೆ ಮೂರು ಕಾರಣಗಳನ್ನೂ ಹೇಳಿದ್ದಾರೆ: ಕಂಡುದರ ಸಂಸ್ಕಾರ ಗಾಢವಾಗಿರುವುದು, ದೇಹದ ಧಾತುಗಳ ಏರುಪೇರು, ಮತ್ತು ಅದೃಷ್ಟ. ವಾತ ಹೆಚ್ಚಿದವನು ಆಕಾಶದಲ್ಲಿ ಹಾರುವನು, ಪಿತ್ತ ಹೆಚ್ಚಿದವನು ಬೆಂಕಿಯನ್ನೂ ಬಂಗಾರದ ಬೆಟ್ಟವನ್ನೂ ಕಾಣುವನು, ಕಫ ಹೆಚ್ಚಿದವನು ಹೊಳೆ ಸಮುದ್ರಗಳನ್ನು ದಾಟುವನು. ಮುಂದೆ ಬಂದ ಅನ್ನಂಭಟ್ಟರು ತಮ್ಮ ತರ್ಕಸಂಗ್ರಹಕ್ಕೆ ತಾವೇ ಬರೆದ ದೀಪಿಕೆಯಲ್ಲಿ, ಸ್ವಪ್ನವು ಮನಸ್ಸಿನಲ್ಲಿ ಆಗುವ ವಿಪರ್ಯಯವೇ ಆದುದರಿಂದ ಅದಕ್ಕೆ ಬೇರೆ ಮಣೆ ಬೇಡವೆಂದರು. ನಮ್ಮ ಕೂಸು ಅದರ ಹಿಂದಿನ ವಾರವಷ್ಟೇ ಜಾತ್ರೆಯಲ್ಲಿ ಆನೆಯನ್ನು ಕಂಡು ಬಂದಿತ್ತು. ಸಂಸ್ಕಾರ ಗಾಢವಾಗಿತ್ತು, ಕನಸು ಬಿತ್ತು. ಅಷ್ಟರಮಟ್ಟಿಗೆ ಶಾಸ್ತ್ರಕ್ಕೂ ಕೂಸಿಗೂ ವಿರೋಧವಿಲ್ಲ.

ಆದರೆ ಈ ಆಚಾರ್ಯರು ವಿಚಾರಿಸಿದ್ದು, ಎದ್ದ ಬಳಿಕ 'ಅದು ಕನಸು' ಎಂದು ತಿಳಿಯಬಲ್ಲವರ ಕನಸನ್ನು. ಎದ್ದ ಮೇಲೂ ಆನೆಯನ್ನು ಮನೆಯಲ್ಲಿ ಹುಡುಕುವವರ ವಿಚಾರ ಬೇರೆ. ಅದನ್ನು ಕುರಿತು ಸ್ವಿಟ್ಜರ್‌ಲೆಂಡಿನ ವಿದ್ವಾಂಸರಾದ ಜೀನ್ ಪಿಯಾಜೆಯವರು ಮಕ್ಕಳ ಜಗತ್ಕಲ್ಪನೆಯನ್ನು ವಿವರಿಸುವ ತಮ್ಮ 1926ರ ಗ್ರಂಥದಲ್ಲಿ ಬಹಳ ಸೊಗಸಾಗಿ ಬರೆದಿದ್ದಾರೆ. ಅವರು ಮಕ್ಕಳನ್ನೇ ಕೂರಿಸಿಕೊಂಡು, ಕನಸು ಎಲ್ಲಿಂದ ಬರುತ್ತದೆ, ಎಲ್ಲಿರುತ್ತದೆ, ಯಾವುದರಿಂದ ನೋಡುತ್ತೀರಿ ಎಂದು ಕೇಳಿದರು. ಐದಾರು ವರ್ಷದವರು ಕನಸು ಹೊರಗಿನಿಂದ ಬರುತ್ತದೆ, ಕೋಣೆಯಲ್ಲಿಯೇ ಇರುತ್ತದೆ ಎಂದರು. ಏಳೆಂಟು ವರ್ಷದವರು ಅದು ತಮ್ಮಿಂದಲೇ ಹುಟ್ಟುತ್ತದೆಂದು ಒಪ್ಪಿದರೂ ಕಣ್ಣೆದುರಿಗೆ ನಿಂತಿರುತ್ತದೆಂದರು. ಅದು ಒಳಗೇ ಹುಟ್ಟಿ ಒಳಗೇ ಅಡಗುವುದೆಂಬ ತಿಳಿವಳಿಕೆ ಮೂಡುವುದು ಒಂಬತ್ತು ಹತ್ತರ ಸುಮಾರಿಗೆ. ಅಂದಮೇಲೆ ನಮ್ಮ ಮೊಮ್ಮಗಳ ವಾದ ಸುಸಂಗತವೇ. ಆನೆ ಕೋಣೆಯಲ್ಲಿ ನಿಂತಿತ್ತು, ಅಜ್ಜನೂ ಅಲ್ಲಿದ್ದ. ಇದ್ದವನು ಇಲ್ಲವೆಂದರೆ ಅವನು ಸುಳ್ಳುಗಾರನಲ್ಲದೆ ಮತ್ತೇನು?

ಇದನ್ನು ಓದಿದ ಮೇಲೆ ನಮಗೆ ಸುತ್ತಲಿನ ಮಕ್ಕಳೆಲ್ಲ ಹೊಸದಾಗಿ ಕಾಣತೊಡಗಿದರು. ನೆರೆಮನೆಯಲ್ಲಿ ಇಬ್ಬರು ಹುಡುಗರಿದ್ದಾರೆ. ಕಿರಿಯವನಿಗೆ ಐದು ವರ್ಷ. ಒಂದು ಬೆಳಗ್ಗೆ ಅವನು ಅಣ್ಣನ ಅಂಗಿ ಹಿಡಿದು ಜಗ್ಗುತ್ತ ಅಳುತ್ತಿದ್ದ. ಕನಸಿನಲ್ಲಿ ಅಣ್ಣ ತನ್ನ ಬುಗುರಿ ಕಸಿದುಕೊಂಡನಂತೆ, ಈಗ ಕೊಡಲೊಲ್ಲನಂತೆ. ಬುಗುರಿಯಾದರೋ ಅವನ ಚಡ್ಡಿಯ ಕಿಸೆಯಲ್ಲಿಯೇ ಇತ್ತು. ತಾಯಿ ತೆಗೆದು ತೋರಿಸಿದರೆ, "ಇದಲ್ಲ, ಅದು!" ಎಂದು ಮತ್ತಷ್ಟು ಅತ್ತ. ಆ ನ್ಯಾಯವನ್ನು ಯಾವ ಕಟ್ಟೆಯಲ್ಲಿ ತೀರಿಸಬೇಕು? ಅದೇ ಹುಡುಗ ಇನ್ನೊಮ್ಮೆ ತನ್ನ ತಲೆದಿಂಬನ್ನು ಗುಟ್ಟಾಗಿ ಅಣ್ಣನ ದಿಂಬಿನೊಡನೆ ಬದಲಾಯಿಸಿಬಿಟ್ಟಿದ್ದ. ಕೆಟ್ಟ ಕನಸುಗಳು ಆ ದಿಂಬಿನಲ್ಲಿವೆ, ಇನ್ನು ಅಣ್ಣನೇ ನೋಡಿಕೊಳ್ಳಲಿ ಎಂಬುದು ಅವನ ವಿಚಾರ. ನಮ್ಮ ಮೊಮ್ಮಗಳ ಅಣ್ಣನಿಗೆ ಒಂಬತ್ತು ವರ್ಷ. ಅವನು ದೊಡ್ಡ ಪಂಡಿತನಂತೆ, "ಕನಸು ತಲ್ಯಾಗ ಇರತೈತಿ" ಎಂದು ತಂಗಿಗೆ ಉಪದೇಶಿಸಿದ. ಅಷ್ಟಕ್ಕೇ ಬಿಡದೆ ನಮ್ಮತ್ತ ತಿರುಗಿ, "ಅಜ್ಜಾ, ಕಣ್ಣ ಮುಚ್ಚಿರತೈತಿ, ತಲ್ಯಾಗ ಕತ್ತಲ ಇರತೈತಿ. ಮತ್ತ ಕನಸಿನ್ಯಾಗ ಬೆಳಕ ಎಲ್ಲಿಂದ ಬರತೈತಿ?" ಎಂದು ಕೇಳಿದ. ಶಾಲೆಗೆ ಹೊತ್ತಾಯಿತೆಂದು ಹೇಳಿ ಅವನನ್ನು ಕಳುಹಿಸಿದೆವು.

ಎಳೆಗೂಸುಗಳ ವಿಚಾರವಂತೂ ಇನ್ನೂ ವಿಸ್ಮಯಕರ. ತೊಟ್ಟಿಲಲ್ಲಿ ನಿದ್ರಿಸುವ ಕೂಸು ಇದ್ದಕ್ಕಿದ್ದಂತೆ ನಗುವುದನ್ನೂ, ತುಟಿ ಚಾಚಿ ಅಳುವಂತೆ ಮಾಡಿ ಮತ್ತೆ ಸುಮ್ಮನಾಗುವುದನ್ನೂ ಕಾಣದ ತಾಯಿಯಿಲ್ಲ. "ದೇವರು ಆಡಸಾಕತ್ತಾನ, ಎಬ್ಬಿಸಬ್ಯಾಡ್ರಿ" ಎನ್ನುತ್ತಿದ್ದಳು ನಮ್ಮ ಅಜ್ಜಿ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬುವರು, ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಅತ್ತಿಂದಿತ್ತ ವೇಗವಾಗಿ ಚಲಿಸುವ ಒಂದು ಅವಸ್ಥೆ ಉಂಟೆಂದೂ, ಆಗ ಎಬ್ಬಿಸಿದರೆ ದೊಡ್ಡವರು ಬಹುಮಟ್ಟಿಗೆ ಕನಸನ್ನು ಹೇಳುವರೆಂದೂ ತೋರಿಸಿಕೊಟ್ಟರು. ಅಸೆರಿನ್‌ಸ್ಕಿಯವರು ಈ ಪರೀಕ್ಷೆಯನ್ನು ಆರಂಭದಲ್ಲಿ ನಡೆಸಿದ್ದು ಎಂಟು ವರ್ಷದ ತಮ್ಮ ಮಗನ ಮೇಲೆಯೇ. ಹುಟ್ಟಿದ ಕೂಸು ದಿನಕ್ಕೆ ಸುಮಾರು 16 ತಾಸು ನಿದ್ರಿಸುತ್ತದೆ. ಅದರಲ್ಲಿ ಅರ್ಧದಷ್ಟು ಈ ಕಣ್ಣಾಡುವ ನಿದ್ರೆಯೇ. ಬೆಳೆದವರಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಕೂಸು ಆಗ ಏನನ್ನಾದರೂ ಕಾಣುತ್ತದೆಯೇ ಎಂಬುದನ್ನು ಅದು ಹೇಳಲಾರದು. ಎಬ್ಬಿಸಬೇಡಿರೆಂದ ನಮ್ಮ ಅಜ್ಜಿಯ ಮಾತಂತೂ ಇಂದಿಗೂ ಹಿತವೇ.

ಮಾತು ಬಂದ ಮಕ್ಕಳು ಏನು ಕಾಣುತ್ತಾರೆಂಬುದನ್ನು ತಾಳ್ಮೆಯಿಂದ ವಿಚಾರಿಸಿದವರು ಅಮೆರಿಕದ ಡೇವಿಡ್ ಫೌಕ್ಸ್. ಅವರು ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದವರಿಂದ ಹದಿಹರೆಯದವರವರೆಗಿನ ಮಕ್ಕಳನ್ನು ಪ್ರಯೋಗಶಾಲೆಯಲ್ಲಿ ಮಲಗಿಸಿ, ರಾತ್ರಿ ನಡುವೆ ಮೆಲ್ಲನೆ ಎಬ್ಬಿಸಿ, ಏನು ಕಂಡೆಯೆಂದು ಕೇಳಿ, ವರ್ಷಾನುಗಟ್ಟಲೆ ಬರೆದಿಟ್ಟುಕೊಂಡು 1982ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕಣ್ಣಾಡುವ ನಿದ್ರೆಯಿಂದ ಎಬ್ಬಿಸಿದಾಗಲೂ ಮೂರರಿಂದ ಐದು ವರ್ಷದವರು ಕನಸು ಹೇಳಿದ್ದು ನೂರಕ್ಕೆ ಸುಮಾರು 15 ಸಲ ಮಾತ್ರ. ಹೇಳಿದ್ದಾದರೂ ಬಹಳ ಸಣ್ಣದು. ಒಂದು ಪ್ರಾಣಿ ನಿಂತಿದೆ, ಇಲ್ಲವೇ ತಾನು ಎಲ್ಲಿಯೋ ಮಲಗಿದ್ದೇನೆ, ಇಷ್ಟೇ. ನಡೆಯುವುದಿಲ್ಲ, ಓಡುವುದಿಲ್ಲ, ಗೋಡೆಯ ಮೇಲಿನ ಪಟದಂತೆ ಇರುತ್ತದೆ. ತಾನೇ ಆಡುವ, ಓಡುವ, ಕಥೆಯಂತಹ ಕನಸು ಬರುವುದು ಏಳೆಂಟು ವರ್ಷದ ಬಳಿಕ.

ಇದನ್ನು ಓದಿದಾಗ ನಮಗೆ ಆನೆ ನೆನಪಾಯಿತು. "ಖೋಲ್ಯಾಗ ನಿಂತಿತ್ತು" ಎಂದಿತ್ತಲ್ಲವೇ ಕೂಸು! ಆನೆ ನಿಂತದ್ದು ಕನಸಾಗಿರಬಹುದು, ಅಜ್ಜ ಬೆಲ್ಲ ಕೊಟ್ಟದ್ದು ಹೇಳುವಾಗ ಸೇರಿಕೊಂಡಿರಬಹುದು. ಹಾಗೆಂದ ಮಾತ್ರಕ್ಕೆ ಅದು ಸುಳ್ಳಲ್ಲ. ಸುಳ್ಳು ಹೇಳುವವನಿಗೆ ನಿಜವು ಬೇರೆಯಾಗಿ ಗೊತ್ತಿರುತ್ತದೆ. ಈ ಕೂಸಿಗೆ ಕಂಡದ್ದು, ನೆನೆದದ್ದು, ಬಯಸಿದ್ದು ಎಲ್ಲವೂ ಇನ್ನೂ ಒಂದೇ ಬಟ್ಟಲಿನಲ್ಲಿವೆ.

ಇನ್ನು ನಮ್ಮ ತಪ್ಪಿನ ವಿಚಾರ.

ಆನೆಯ ಕಥೆ ನಮಗೆ ಬಹಳ ರುಚಿಸಿಬಿಟ್ಟಿತು. ಮನೆಗೆ ಬಂದವರೆದುರಿಗೆಲ್ಲ ಕೂಸನ್ನು ಕರೆದು, "ಆನಿ ಹೆಂಗ ಬಂದಿತ್ತು ಹೇಳು" ಎನ್ನತೊಡಗಿದೆವು. ಬಂದವರು ನಗುವರು. ನಕ್ಕಂತೆ ಕಥೆ ಬೆಳೆಯಿತು. ಒಂದು ಆನೆ ಎರಡಾಯಿತು, ಬಳಿಕ ಹನ್ನೊಂದಾಯಿತು. ಅವುಗಳಲ್ಲಿ ಒಂದು ಚಹಾ ಕುಡಿಯಿತು. ಕೇಳುವವರಿದ್ದರೆ ಹೇಳುವವರಿಗೆ ಉತ್ಸಾಹ ಬರುವುದು ಸಹಜ. ವೇದಿಕೆ ಏರಿದ ನಮ್ಮಂತಹವರೂ ಇದಕ್ಕೆ ಹೊರತಲ್ಲ.

ಹೀಗಿರುತ್ತಿರಲು ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟವಾದ ಬಳಿಕ ಹತ್ತಿಪ್ಪತ್ತು ಮಂದಿ ಜಮಖಾನದ ಮೇಲೆ ಕುಳಿತಿರಲು ನಾವೇ ಕೂಸನ್ನು ನಡುವೆ ನಿಲ್ಲಿಸಿದೆವು. ಅದು ಹೇಳತೊಡಗಿತು. ಎಲ್ಲರೂ ಗೊಳ್ಳೆಂದು ನಕ್ಕರು, ನಾವೂ ನಕ್ಕೆವು. ಹಿರಿಯರೊಬ್ಬರು, "ಇಷ್ಟ ಸಣ್ಣಾಕಿ ಎಷ್ಟ ಸುಳ್ಳ ಹೇಳತಾಳ ನೋಡ್ರಿ!" ಎಂದು ಉದ್ಗರಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಕೂಸಿನ ಮಾತು ಅರ್ಧಕ್ಕೇ ನಿಂತಿತು. ಅದು ಎಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಕೊನೆಗೆ ನಮ್ಮ ಮುಖವನ್ನು ನೋಡಿತು. ನಾವು ಇನ್ನೂ ನಗುತ್ತಲೇ ಇದ್ದೆವು. ಕೂಸು ಹೋಗಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

ಅಂದಿನಿಂದ ಬೆಳಗಿನ ಸುದ್ದಿ ನಿಂತುಹೋಯಿತು. ಕೇಳಿದರೆ "ಕನಸ ಬಿದ್ದಿಲ್ಲ" ಎಂದಷ್ಟೇ ಉತ್ತರ. ನಾವು ಅದನ್ನು ದೊಡ್ಡದು ಮಾಡಲಿಲ್ಲ. ಹದಿನೈದು ದಿನ ಕಳೆದಿರಬಹುದು, ಬೆಳಗಿನ ಜಾವ ಸೊಸೆ ಬಂದು ನಮ್ಮನ್ನು ಎಬ್ಬಿಸಿದಳು. ಕೂಸು ಕೌದಿಯನ್ನು ತಲೆತುಂಬ ಹೊದ್ದು, ಬಾಯೊಳಗೆ ಅದರ ಅಂಚನ್ನು ತುರುಕಿಕೊಂಡು, ಸದ್ದಿಲ್ಲದೆ ಅಳುತ್ತಿತ್ತಂತೆ. ಏನಾಯಿತೆಂದು ಎಷ್ಟು ಕೇಳಿದರೂ ಹೇಳಲಿಲ್ಲವಂತೆ. ಕೊನೆಗೆ ಹೇಳಿದ್ದು ಒಂದೇ ಮಾತು: "ಹೇಳಿದ್ರ ಎಲ್ಲಾರೂ ನಗತೀರಿ."

ಈ ಮಾತು ಕೇಳಿದೊಡನೆ ನಮಗೆ 1968ರ ಮಠದ ಹಜಾರವು ಕಣ್ಣ ಮುಂದೆ ಬಂದಿತು. ಏಳು ವರ್ಷ ತುಂಬಿದ ನಮ್ಮನ್ನು ತಂದೆಯವರು ಅಲ್ಲಿ ಬಿಟ್ಟು ಹೋಗಿದ್ದರು. ನಲವತ್ತು ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದೆವು. ಆ ಹಜಾರದ ರಾತ್ರಿಗಳೇ ಒಂದು ಪುರಾಣ. ಒಬ್ಬನು ನಿದ್ದೆಗಣ್ಣಿನಲ್ಲಿ ಅಮರಕೋಶವನ್ನು ತಪ್ಪಾಗಿ ಹೇಳಿದರೆ, ಮೂರು ಚಾಪೆ ಆಚೆಗೆ ಮಲಗಿದ್ದವನು ನಿದ್ದೆಯಲ್ಲಿಯೇ ಅದನ್ನು ತಿದ್ದುತ್ತಿದ್ದ. ಇನ್ನೊಬ್ಬನು ಕನಸಿನಲ್ಲಿ ಹಿತ್ತಲಿಗೆ ಹೋಗಿ ಬಂದು ಬೆಳಗ್ಗೆ ಚಾಪೆಯನ್ನು ಬಿಸಿಲಿಗೆ ಹಾಕುತ್ತಿದ್ದ. ಅಂತಹ ಚಾಪೆ ಒಂದೇ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ರಾತ್ರಿ ನಮ್ಮ ತಾಯಿ ಬಂದು ಹಜಾರದ ಕಂಬದ ಬಳಿ ನಿಂತಿದ್ದಳು. ಕೈಯಲ್ಲಿ ಬುತ್ತಿಯ ಗಂಟು. ಬೆಳಗ್ಗೆ ಬಾವಿಯ ಹತ್ತಿರ, "ನಮ್ಮವ್ವ ರಾತ್ರಿ ಬಂದಿದ್ಲು" ಎಂದು ಸಂಭ್ರಮದಿಂದ ಹೇಳಿದೆವು. ಹುಡುಗರು ನಕ್ಕರು. ಅಂದಿನಿಂದ ಒಂದು ತಿಂಗಳು, ಪ್ರಸಾದಕ್ಕೆ ಕುಳಿತಾಗಲೆಲ್ಲ ಯಾರಾದರೂ ಬಾಗಿಲ ಕಡೆಗೆ ಬೆರಳು ತೋರಿಸಿ, "ನಿಮ್ಮವ್ವ ಬಂದಾಳ ನೋಡೋ" ಎನ್ನುವರು. ಪ್ರತಿ ಸಲವೂ ನಾವು ತಿರುಗಿ ನೋಡುತ್ತಿದ್ದೆವು. ಸುಳ್ಳೆಂದು ಗೊತ್ತಿದ್ದರೂ ತಿರುಗದೆ ಇರಲು ಆಗುತ್ತಿರಲಿಲ್ಲ.

ವ್ಯಾಕರಣ ಹೇಳುತ್ತಿದ್ದ ಹಿರಿಯ ಶಾಸ್ತ್ರಿಗಳು ಇದನ್ನು ಹೇಗೋ ಗಮನಿಸಿದ್ದರು. ಒಂದು ನಸುಕಿನಲ್ಲಿ ನಾವು ಎಚ್ಚರವಾಗಿ ಕುಳಿತಿರುವುದನ್ನು ಕಂಡು ಪಕ್ಕದಲ್ಲಿ ಬಂದು ಕುಳಿತರು. ಕನಸೋ ನಿಜವೋ ಎಂದು ಅವರು ಕೇಳಲಿಲ್ಲ. "ನಿಮ್ಮವ್ವ ಬುತ್ತ್ಯಾಗ ಏನ ತಂದಿದ್ದಳೋ ತಮ್ಮಾ?" ಎಂದು ಕೇಳಿದರು. "ಗಂಟು ಬಿಚ್ಚಲಿಲ್ಲರಿ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಅಂಚೆಯ ಕಾರ್ಡು ತಂದುಕೊಟ್ಟು, "ನೀನ ಬರದ ಕೇಳು" ಎಂದರು. ನಾವು ನಮ್ಮ ಕೈಯಿಂದ ಬರೆದ ಮೊದಲ ಕಾಗದ ಅದು. ಮುಂದಿನ ಜಾತ್ರೆಗೆ ತಾಯಿ ಬಂದಳು. ಗಂಟಿನಲ್ಲಿ ಶೇಂಗಾದ ಹೋಳಿಗೆ ಇದ್ದವು.

ಐವತ್ತು ವರ್ಷಕ್ಕೂ ಮಿಕ್ಕಿ ಈ ಉಪಕಾರವನ್ನು ನೆನೆಯುತ್ತ ಬಂದವರು, ನಮ್ಮದೇ ಮೊಮ್ಮಗಳ ಎದುರಿಗೆ ಬಾವಿಯ ಹತ್ತಿರದ ಹುಡುಗರಂತೆ ನಡೆದುಕೊಂಡೆವಲ್ಲ! ಆ ಬೆಳಗಿನ ಜಾವ ನಾವು ಹೋಗಿ ಕೂಸಿನ ಪಕ್ಕದಲ್ಲಿ ಕುಳಿತೆವು. "ಅವತ್ತ ನಾ ನಕ್ಕದ್ದು ತಪ್ಪಾತು, ಯವ್ವಾ" ಎಂದೆವು. ಅದು ಏನೂ ಹೇಳಲಿಲ್ಲ. ನಾವೂ ಏನನ್ನೂ ಕೇಳದೆ, ನಮ್ಮ ಕನಸನ್ನೇ ಹೇಳಿದೆವು. ಕಂಬ, ತಾಯಿ, ಬುತ್ತಿಯ ಗಂಟು. ಕೌದಿಯ ಒಳಗಿನಿಂದ ಒಂದು ಧ್ವನಿ ಬಂದಿತು: "ಗಂಟಿನ್ಯಾಗ ಏನಿತ್ತು?"

ಶಾಸ್ತ್ರಿಗಳು ಕೇಳಿದ ಪ್ರಶ್ನೆಯೇ! ಹೋಳಿಗೆಯೆಂದು ತಿಳಿದ ಮೇಲೆ ಕೂಸು ಮುಖ ಹೊರಗೆ ತೆಗೆದು, ಮೆಲ್ಲಗೆ ಹೇಳಿತು: "ಆನಿ ಬಂದಿತ್ತು. ನೀ ಇದ್ದಿದ್ದಿಲ್ಲ."

ಬಂಧುಗಳೇ, ಮಕ್ಕಳ ರಾತ್ರಿಯ ಅಳುವಿನಲ್ಲಿ ಎರಡು ಬಗೆ ಉಂಟೆಂದು ವೈದ್ಯರು ಹೇಳುತ್ತಾರೆ. ಮಲಗಿದ ಒಂದೆರಡು ತಾಸಿನೊಳಗೆ, ಗಾಢ ನಿದ್ರೆಯ ನಡುವೆ, ಕಣ್ಣು ತೆರೆದೇ ಕಿರುಚುವುದು ಒಂದು. ಆಗ ಕೂಸು ತಾಯಿಯನ್ನೂ ಗುರುತಿಸದು, ಬೆಳಗ್ಗೆ ಅದಕ್ಕೆ ನೆನಪೂ ಇರದು. ಅದನ್ನು ಅಲುಗಾಡಿಸಿ ಎಬ್ಬಿಸದೆ, ಬಿದ್ದು ಪೆಟ್ಟು ಮಾಡಿಕೊಳ್ಳದಂತೆ ಕಾಯ್ದುಕೊಂಡರೆ ತಾನಾಗಿಯೇ ಮಲಗುತ್ತದೆ. ಬಹುಮಂದಿ ಮಕ್ಕಳಿಗೆ ಬೆಳೆದಂತೆ ಇದು ನಿಲ್ಲುತ್ತದೆ. ಬೆಳಗಿನ ಜಾವದ ಕಡೆಗೆ ಕೆಟ್ಟ ಕನಸು ಕಂಡು, ಪೂರ್ಣ ಎಚ್ಚರವಾಗಿ, ಎಲ್ಲವನ್ನೂ ನೆನಪಿಟ್ಟುಕೊಂಡು ಅಳುವುದು ಇನ್ನೊಂದು. ಇದಕ್ಕೆ ಮಡಿಲು ಬೇಕು, ಕೇಳುವ ಕಿವಿ ಬೇಕು. ಹೇಳಿದರೆ ನಗುವರೆಂದು ಒಮ್ಮೆ ಕಲಿತ ಕೂಸು ಈ ಎರಡನೆಯದನ್ನು ಒಂಟಿಯಾಗಿಯೇ ಅನುಭವಿಸುತ್ತದೆ. ಇಂದು ಕನಸನ್ನು ಮುಚ್ಚಿಟ್ಟದ್ದು ನಾಳೆ ಶಾಲೆಯ ಭಯವನ್ನೂ, ನಾಡಿದ್ದು ಅದಕ್ಕಿಂತ ದೊಡ್ಡದನ್ನೂ ಮುಚ್ಚಿಡಬಹುದು. ಮಕ್ಕಳ ಮಾತಿಗೆ ನಗಲೇಬಾರದೆಂದು ನಾವು ಹೇಳುವುದಿಲ್ಲ. ಅದು ಸಾಧ್ಯವೂ ಅಲ್ಲ. ಕೂಸಿನೊಡನೆ ನಗೋಣ. ಕೂಸನ್ನು ನಡುವೆ ನಿಲ್ಲಿಸಿಕೊಂಡು ನಗುವುದು ಬೇಡ. ಅದು ಹೇಳಿದ್ದು ನಿಜವೋ ಸುಳ್ಳೋ ಎಂಬ ವಿಚಾರಣೆಯನ್ನು ನಾಲ್ಕಾರು ವರ್ಷ ಮುಂದೂಡಿದರೆ ನಷ್ಟವೇನಿಲ್ಲ. ವಯಸ್ಸೇ ಅದನ್ನು ತೀರ್ಮಾನಿಸುತ್ತದೆ.

ಅಂದು ನಾವು ಕೂಸಿಗೆ, "ಮುಂದಿನ ಸಲ ಬಂದ್ರ ನನ್ನ ಕರಿ, ನಾ ಬೆಲ್ಲಾ ತಗೊಂಡ ಬರತೇನಿ" ಎಂದು ಮಾತು ಕೊಟ್ಟೆವು. ಕೂಸು ನಮ್ಮಷ್ಟು ನಿಧಾನಸ್ಥವಲ್ಲ. ಅಂದೇ ರಾತ್ರಿ ಅಡುಗೆಮನೆಯಿಂದ ಒಂದು ಬೆಲ್ಲದ ಹೆಂಟೆ ತಂದು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿತು. ಬೆಳಗ್ಗೆ ಎದ್ದು ನೋಡಿದರೆ ಆನೆ ಬಂದಿರಲಿಲ್ಲ. ಇರುವೆಗಳು ಬಂದಿದ್ದವು, ಹಾಸಿಗೆ ತುಂಬ. ಸೊಸೆ ಕೌದಿ ಝಾಡಿಸುತ್ತ, "ಮಾವಾರ, ಇನ್ನ ಮ್ಯಾಲೆ ಆನಿಗೆ ಬೆಲ್ಲಾ ಡಬ್ಬ್ಯಾಗ ಹಾಕಿ ಇಡ್ರಿ" ಎಂದಳು.

ಈಗ ಕೂಸಿನ ಹಾಸಿಗೆಯ ತಲೆಯ ಕಡೆಗೆ ಮುಚ್ಚಳವಿರುವ ಒಂದು ಡಬ್ಬಿ ಇದೆ. ಬೆಳಗಿನ ಸುದ್ದಿ ಮತ್ತೆ ಆರಂಭವಾಗಿದೆ. ನಿನ್ನೆ ಬಂದದ್ದು ಒಂಟೆ.